ಅರ್ಧ ಬಣ್ಣದ ಹನುಮಂತ

ತುಂಗಭದ್ರೆಯ ದಂಡೆಯಲ್ಲಿ ಮಡಿವಾಳಯ್ಯ ಎಂಬ ಗುರುಗಳ ಆಶ್ರಮ. ಅಲ್ಲಿ ಹಾಡು ಕಲಿತವನಿಗೆ ಕೊನೆಗೆ ಗುರುಗಳು ತಮ್ಮ ಕೈಯಾರೆ ಒಂದು ತಂಬೂರಿ ಕೊಡುತ್ತಿದ್ದರು. ಅದು ಸಿಕ್ಕರೆ ಅವನು ಗಾಯಕ. ಸಿಗದಿದ್ದರೆ ಇನ್ನೂ ಶಿಷ್ಯ.

ಅದಕ್ಕೊಂದು ಪರೀಕ್ಷೆ ಇತ್ತು. ನದಿಯ ಮೆಟ್ಟಿಲ ಮೇಲೆ ಕೂತು ಹಾಡಬೇಕು. ಯಾರನ್ನೂ ಕರೆಯುವ ಹಾಗಿಲ್ಲ. ಆ ಹಾಡಿಗೆ ಒಬ್ಬರ ಕೈಯಾದರೂ ಮಾಡುತ್ತಿದ್ದ ಕೆಲಸ ಮರೆತು ನಿಲ್ಲಬೇಕು. ಅಷ್ಟೇ.

ಚನ್ನವೀರನ ಸರದಿ ಬಂತು. ಹುಡುಗನಿಗೆ ಹುರುಪೋ ಹುರುಪು! ಬೆಳಿಗ್ಗೆ ಎದ್ದವನೇ ಮಿಂದು, ಮಡಿ ಉಟ್ಟು, ಮೆಟ್ಟಿಲ ಮೇಲೆ ಕೂತು ದನಿ ತೆಗೆದ.

ಚೆನ್ನಾಗಿಯೇ ಹಾಡಿದ, ಸುಳ್ಳು ಯಾಕೆ ಹೇಳಲಿ. ಆದರೆ ಬಟ್ಟೆ ಒಗೆಯುವವರು ಒಗೆಯುತ್ತಲೇ ಇದ್ದರು. ಬುಟ್ಟಿ ಹೆಣೆಯುವವಳು ಹೆಣೆಯುತ್ತಲೇ ಇದ್ದಳು. ಪಕ್ಕದಲ್ಲೇ ಕೂತ ಗುರುಗಳೂ ದೀಪದ ಬತ್ತಿ ಹೊಸೆಯುತ್ತಲೇ ಇದ್ದರು.

ಇನ್ನೊಂದು ಚರಣ ಬಾಕಿ ಇತ್ತು. ಅಷ್ಟರಲ್ಲಿ ಅರಳಿಮರದ ಕಡೆಯಿಂದ ತಬಲಾ ಸದ್ದು.

"ಹನುಮಪ್ಪ ಬಂದ! ಹಗಲುವೇಷದವರು ಬಂದ್ರು!"

ದಿನಕ್ಕೊಂದು ವೇಷ ಕಟ್ಟಿ ಹಾಡುಹಗಲಲ್ಲೇ ಊರೂರು ಆಡುವ ಜನ ಅವರು. ಬಟ್ಟೆ ಕಲ್ಲಿನ ಮೇಲೆ ಉಳಿಯಿತು, ಬುಟ್ಟಿ ಅರ್ಧಕ್ಕೆ ಬಿತ್ತು. ಎಲ್ಲರೂ ಓಟ! ಕೋಲಿಲ್ಲದೆ ನಡೆಯಲಾರದ ಗುರುಗಳು ಬತ್ತಿಗಳನ್ನು ಚೆಲ್ಲಿ, ಕೋಲು ಅಲ್ಲೇ ಬಿಟ್ಟು ಓಡಿದರು. ಏನು ಓಟ ಅಂತೀರಿ!

ಚನ್ನವೀರ ಹೋಗಿ ನೋಡಿದರೆ, ಗುರುಗಳು ಎಲ್ಲರಿಗಿಂತ ಮುಂದೆ ಮಣ್ಣಲ್ಲೇ ಕೂತಿದ್ದಾರೆ. ಹನುಮಂತ ಅವರ ತೊಡೆಯ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದಾನೆ. ಹಣ್ಣು ತಾನು ತಿಂದು ಸಿಪ್ಪೆಯನ್ನು ಭಕ್ತಿಯಿಂದ ಗುರುಗಳ ಕೈಗಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಗುರುಗಳಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು.

ಆ ಹನುಮಂತನ ಮುಖಕ್ಕೆ ಅರ್ಧ ಮಾತ್ರ ಕೆಂಪು ಬಣ್ಣ. ಇನ್ನರ್ಧ ಖಾಲಿ.

ಆಶ್ರಮಕ್ಕೆ ಮರಳಿದ ಮೇಲೆ ಚನ್ನವೀರನ ಸಿಟ್ಟು ಒಡೆಯಿತು.

"ಗುರುಗಳ, ನೀವೂ ಎದ್ದು ಓಡಿದ್ರಿ!"

"ಓಡಿದ್ನೆಪ್ಪ. ತಡಾ ಮಾಡಿದ್ರ ಮುಂದ ಜಾಗಾ ಸಿಗೂದಿಲ್ಲ."

"ಇಷ್ಟು ವರ್ಷ ಗಂಟಲಾ ಹರಕೊಂಡೀನಿ. ಅವ ಬಾಲ ಕಟ್ಟಿಕೊಂಡು ಕುಣಿದಾ, ಊರೆಲ್ಲಾ ಅವನ ಹಿಂದ. ಅದೊಂದು ಕಲೆ ಏನ್ರಿ? ಬರೀ ಮಂಗನಾಟ!"

"ಹನುಮಪ್ಪನ ವೇಷಾ ಹಾಕಿ ಮತ್ತೇನು ಭಜನಿ ಮಾಡ್ಬೇಕಿತ್ತೇನು?"

"ಮುಖಕ್ಕ ಪೂರಾ ಬಣ್ಣ ಹಚ್ಚಾಕೂ ಸೋಮಾರಿತನ! ಅಂಥಾ ಮಂಗ್ಯಾನ ಮುಂದ ಹೊಟ್ಟಿ ಹಿಡಕೊಂಡು ನಕ್ಕಿರಲ್ರಿ."

"ನಗು ಬಂತು, ನಕ್ಕೆ. ನಿನ್ನ ಕೇಳಿ ನಗಬೇಕಿತ್ತೇನು ತಮ್ಮಾ?"

ಚನ್ನವೀರ ಗುರುಗಳ ಎದುರು ಬಂದು ನಿಂತ. "ಹಂಗಾರ ತಂಬೂರಿ?"

"ಯಾರ ಕೈ ನಿಂತಿತು, ನೀನ ಹೇಳು."

"ಯಾರದೂ ನಿಲ್ಲಲಿಲ್ರಿ."

"ಮುಂದಿನ ವರ್ಷ ನೋಡೂಣು," ಅಂದರು ಗುರುಗಳು.

ಚನ್ನವೀರ ಗೋಡೆಗೆ ಮುಖ ಮಾಡಿ ಕೂತ. ಅಳು ಬರುತ್ತಿತ್ತು, ಅತ್ತೇಬಿಟ್ಟ.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಅದೇ ಹನುಮಂತ. ಬಾಲ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಹೆಸರು ಜಂಬಣ್ಣ ಅಂದ.

"ಅಜ್ಜಾರ, ಸ್ವಲ್ಪ ಬಿಸಿನೀರು ಕೊಡ್ತೀರೇನ್ರಿ? ಕೈಯಾಗ ಬಣ್ಣ ಒಣಗಿ ಕುಂತೈತಿ, ಬಿಡವಲ್ದು."

"ಮುಖದ ಬಣ್ಣ ಅರ್ಧ, ಕೈಯಾಗ ಪೂರಾ! ಇದೆಂಥಾ ಹನುಮಪ್ಪನೋ?" ಅಂದರು ಗುರುಗಳು.

ಜಂಬಣ್ಣ ನಾಚಿಕೊಂಡ. "ಬೈಬ್ಯಾಡ್ರಿ. ನಮ್ಮ ಭಾವ ಆಗಲೇ ಬೈದಾನ. ಮರದ ಹಿಂದ ಬಣ್ಣ ಹಚ್ಚಿಕೊಳ್ಳಾಕ ಹತ್ತಿದ್ದೆ. ಹೊಳಿ ಕಡಿಂದ ಯಾರೋ ಹಾಡಿದ್ರು ನೋಡ್ರಿ... ಕೈ ಹಂಗ ನಿಂತುಬಿಡ್ತು. ಎಷ್ಟೊತ್ತು ಕುಂತೆನೋ ಗೊತ್ತಿಲ್ಲ. ಭಾವ ತಬಲಾ ಬಡಿದ ಮ್ಯಾಲ ಎಚ್ಚರಾತು, ಹಂಗ ಜಿಗಿದೆ. ಮಂದಿನ್ನ ನಗಸೂದು ನನಗ ಗೊತ್ತೈತ್ರಿ. ನನ್ನ ಯಾರಾರ ಸುಮ್ಮನ ಕುಂದ್ರಸ್ತಾರಂತ ಗೊತ್ತಿರಲಿಲ್ಲ. ಯಾರ್ರಿ ಅವರು?"

ಚನ್ನವೀರ ಚಂಗನೆ ಎದ್ದ.

"ಗುರುಗಳ! ನಿಂತೈತಿ! ಕೈ ನಿಂತೈತ್ರಿ!"

"ಯಾರ ಕೈ?"

"ಇವರ ಕೈ!"

"ಅದು ಮಂಗ್ಯಾನ ಕೈ. ಈಗಷ್ಟ ನೀನ ಅಂದಿ. ಅದನ್ನ ಲೆಕ್ಕಕ್ಕ ಹಿಡೀಲೋ, ಬಿಡಲೋ?"

ಹಿಡೀರಿ ಅಂದರೆ ಆಡಿದ ಮಾತು ನುಂಗಬೇಕು, ಬಿಡ್ರಿ ಅಂದರೆ ತಂಬೂರಿ ಹೋಯಿತು. ನಾಚಿಕೆಯಿಂದ ಚನ್ನವೀರನ ಕಿವಿ ಕೆಂಪಾದವು.

ನೇರ ಒಳಗೆ ಹೋದ. ಒಲೆಯ ಮೇಲಿನ ಬಿಸಿನೀರು ತಂದ. ಜಂಬಣ್ಣನ ಕೈ ಹಿಡಿದು ತಾನೇ ತಿಕ್ಕಿ ತಿಕ್ಕಿ ತೊಳೆದ. ತೊಳೆಯುತ್ತಾ, ಬೆಳಿಗ್ಗೆ ಉಳಿದುಹೋದ ಚರಣವನ್ನು ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹಾಡಿದ.

ನೀರು ತಣ್ಣಗಾಗುವವರೆಗೂ ಜಂಬಣ್ಣ ಕೈ ಹಿಂದೆಗೆಯಲಿಲ್ಲ.

"ಅಣ್ಣಾ, ನಾನು ನಿನಗ ಕೆಟ್ಟ ಮಾತಾಡೀನಿ. ನೀನು ಕೇಳಿಲ್ಲ, ಆದ್ರ ಆಡೀನಿ," ಅಂದ ಚನ್ನವೀರ. "ನಾಳೆ ಯಾವ ವೇಷ?"

"ರಾವಣಂದು. ರಟ್ಟಿನ ತಲಿಗೆಲ್ಲಾ ಹೊಸಾ ಬಣ್ಣ ಆಗ್ಬೇಕು."

"ನಾನೂ ಬಣ್ಣ ಹಚ್ಚಾಕ ಬರ್ಲೇನು?" ಚನ್ನವೀರನ ದನಿ ಸಣ್ಣ ಮಕ್ಕಳ ಹಾಗೆ ಹಿಗ್ಗಿತ್ತು. "ಬರ್ಲೇನಣ್ಣಾ? ಮುಂದ ಕುಂದ್ರಾಕೂ ಜಾಗಾ ಹಿಡೀತೀನಿ!"

ಗುರುಗಳು ಎದ್ದು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ತಂಬೂರಿ ಇತ್ತು. ಅದನ್ನು ಚನ್ನವೀರನ ತೊಡೆಯ ಮೇಲಿಟ್ಟರು.

"ತಗೋ. ಆದ್ರ ನಾಳೆ ಅಲ್ಲಿ ಬಾಯಿ ಮುಚ್ಚಿಕೊಂಡು ಬಣ್ಣ ಹಚ್ಚು ತಮ್ಮಾ. ಹಾಡಿದಿ ಅಂದ್ರ ರಾವಣನ ಹತ್ತೂ ತಲಿ ಅರ್ಧಕ್ಕ ಉಳೀತಾವ!"