ತಗ್ಗು ತುಂಬಿದವಳು

"ಗುರುಗಳೇ, ನಾನು ಬರೆದ ಸಲಕರಣೆ ಒಂದು ತಪ್ಪೂ ತೋರಿಸದೆ ಓಡುತ್ತಿದೆ. ಇನ್ನು ಕಲಿಯುವುದು ಏನು ಉಳಿದಿದೆ?"

ಕೇಳಿದವನು ಇಂದುಧರ. ಭೂನಕ್ಷೆಯ ತಂತ್ರಾಂಶದಲ್ಲಿ ಸಿದ್ಧವಾಗಿ ಸಿಗದ ಸಲಕರಣೆಗಳನ್ನು ಸ್ವಂತವಾಗಿ ಬರೆದುಕೊಳ್ಳುವ ವಿದ್ಯೆಯನ್ನು ಕೊಟ್ರಬಸಪ್ಪನವರ ಬಳಿ ಎರಡು ವರ್ಷ ಕಲಿತಿದ್ದ. ಹೊಸ ರಸ್ತೆಗೆ ದಾರಿ ಆರಿಸಿಕೊಡುವ ಸಲಕರಣೆ ಅವನದು. ಮರುದಿನ ಅದನ್ನು ಒಂದು ಕಚೇರಿಗೆ ಒಪ್ಪಿಸುವುದಿತ್ತು.

ಕೊಟ್ರಬಸಪ್ಪ ಕನ್ನಡಕ ಒರೆಸಿಕೊಂಡರು. "ಎಲ್ಲ ಕಲಿತಾಯಿತೆ? ಸಂತೋಷ. ಹಾಗಾದರೆ ಒಂದು ಕತೆ ಕೇಳುವಷ್ಟು ಪುರಸೊತ್ತಂತೂ ಇರಬೇಕು" ಎಂದು ಶುರುಮಾಡಿದರು.

ಒಬ್ಬ ನಕ್ಷೆಗಾರ್ತಿ ಇದ್ದಳು. ನಿನ್ನ ಹಾಗೆಯೇ ಚುರುಕು, ನಿನ್ನ ಹಾಗೆಯೇ ಸ್ವಲ್ಪ ಜಂಬ. ಹೊಳೆ ಉಕ್ಕಿ ಮನೆ ಕಳೆದುಕೊಂಡ ನಲವತ್ತು ಸಂಸಾರಗಳಿಗೆ ಹೊಸ ಜಾಗ ಹುಡುಕುವ ಕೆಲಸ ಅವಳ ಪಾಲಿಗೆ ಬಂತು. ಮಳೆ ಬಿದ್ದರೆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳುವ ಸಲಕರಣೆ ಬರೆದಳು. ಅದೂ ಒಂದು ತಪ್ಪಿಲ್ಲದೆ ಓಡಿತು. ಊರಾಚೆಯ ಸಮತಟ್ಟಾಗಿ ಕಾಣುವ ಬಯಲೊಂದನ್ನು ತೋರಿಸಿ, ಇಲ್ಲಿ ನೀರು ನಿಲ್ಲುವುದಿಲ್ಲ ಎಂದಿತು. ಸುಣ್ಣದ ಗೆರೆ ಎಳೆದರು. ಪಾಯ ತೋಡುವ ದಿನವೂ ಗೊತ್ತಾಯಿತು.

ಆ ಊರಿನಲ್ಲಿ ಒಬ್ಬ ಮುದುಕ ನೀರಗಂಟಿ. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವುದು ಅವನ ಮನೆತನದ ಕೆಲಸ. ಅವನು ಗೆರೆ ದಾಟಿ ಬಂದು, "ಇಲ್ಲಿ ಬೇಡ ತಾಯಿ. ಇದು ನೀರಿನ ಜಾಗ" ಎಂದ.

"ಯಂತ್ರ ಹಾಗೆ ಹೇಳುವುದಿಲ್ಲ ಅಜ್ಜ."

"ಅದಕ್ಕೇನು ಗೊತ್ತು ಪಾಪ. ಈ ಊರಿಗೆ ಮೊನ್ನೆ ಬಂದ ಸೊಸೆ ಅದು" ಎಂದು ನಕ್ಕು ಹೋಗಿಬಿಟ್ಟ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಾಯಿತು. ಎರಡನೆಯ ಸಲವೂ ಮುಳುಗಿದರೆ ಆ ನಲವತ್ತು ಮನೆಯವರಿಗೆ ಏನು ಹೇಳುವುದು? ಅವಳಿಗೆ ಹೆದರಿಕೆಯಾಯಿತು. ತಾನು ಬರೆದದ್ದನ್ನು ಮೊದಲಿನಿಂದ ಓದತೊಡಗಿದಳು. ಮೂರನೆಯ ಸಾಲಿನಲ್ಲೇ ಕಣ್ಣು ನಿಂತಿತು. ಆಕಾಶದಿಂದ ನೆಲದ ಎತ್ತರ ಅಳೆದಾಗ ಇಲ್ಲದ ತಗ್ಗುಗಳೂ ಅಲ್ಲಲ್ಲಿ ಕಾಣಿಸಿಕೊಳ್ಳುತ್ತವೆ. ಹರಿಯುವ ನೀರು ಅವುಗಳಲ್ಲಿ ಸಿಕ್ಕಿಬಿದ್ದರೆ ಲೆಕ್ಕ ಮುಂದೆ ಹೋಗುವುದಿಲ್ಲ. ಅದಕ್ಕೇ, ಮೊದಲು ತಗ್ಗುಗಳನ್ನೆಲ್ಲ ತುಂಬಿ ಸಮ ಮಾಡಿಕೊಳ್ಳಿ ಎಂದು ಕಲಿಸುತ್ತೇವೆ. ನಾನೂ ಕಲಿಸಿದ್ದೇನೆ. ಅವಳ ಸಲಕರಣೆ ಸುಳ್ಳು ತಗ್ಗಿನ ಜೊತೆ ನಿಜವಾದ ತಗ್ಗನ್ನೂ ತುಂಬಿಬಿಟ್ಟಿತ್ತು.

ಅವಳು ಆ ಸಾಲು ತೆಗೆದು ಬೇರೆ ಬರೆದಳು. ತಗ್ಗು ತಗ್ಗಾಗಿಯೇ ಇರಲಿ, ತುಂಬಿದ ಮೇಲೆ ನೀರು ಯಾವ ಅಂಚಿನಿಂದ ಹೊರಬೀಳುತ್ತದೆ ತೋರಿಸು ಎಂದು.

ಪರದೆಯ ಮೇಲೆ ಒಂದು ಕೆರೆ ತುಂಬಿತು. ಅದರ ಕೋಡಿ ಬಿದ್ದು ನೀರು ಕೆಳಗಿನ ಕೆರೆಗೆ ಹೋಯಿತು. ಅದು ತುಂಬಿ ಇನ್ನೊಂದಕ್ಕೆ, ಅದು ತುಂಬಿ ಮತ್ತೊಂದಕ್ಕೆ. ಗುಡ್ಡದ ಬುಡದಿಂದ ಹೊಳೆಯ ತನಕ ಐವತ್ತೇಳು ಕೆರೆ. ಒಂದರ ನೀರೂ ದಾರಿ ತಪ್ಪಲಿಲ್ಲ. ಯಾವುದೇ ಕೋಡಿ ಒಂದು ಮೊಳ ಎತ್ತರವಾಗಿದ್ದರೆ ಹಿಂದಿನ ಕೆರೆಯ ಏರಿ ನೆನೆಯುತ್ತಿತ್ತು, ಒಂದು ಮೊಳ ಕೆಳಗಿದ್ದರೆ ತನ್ನ ಕೆರೆಯ ಗದ್ದೆಗೇ ನೀರು ಸಾಲುತ್ತಿರಲಿಲ್ಲ. ಸಾಲಿನ ಕಡೆಯ ಕೆರೆಯೇ ಆ ಬಯಲು. ಏರಿ ಕರಗಿ ಎಷ್ಟು ತಲೆಮಾರಾಗಿತ್ತೋ, ತಗ್ಗು ಮಾತ್ರ ಉಳಿದಿತ್ತು. ಎಲ್ಲ ಕೆರೆ ತುಂಬುವಂಥ ಮಳೆ ಬಂದರೆ ನೀರು ಇಂದಿಗೂ ಅಲ್ಲಿಗೇ ಬರಬೇಕು.

ಆಕಾಶದ ಕಣ್ಣಿಲ್ಲದೆ, ಒಂದು ನಕ್ಷೆಯೂ ಇಲ್ಲದೆ, ಇಷ್ಟು ನೆಲವನ್ನು ಒಟ್ಟಿಗೆ ಕಂಡವರು ಯಾರು? ಕುರ್ಚಿ ಬಿಟ್ಟು ಎದ್ದು ನಿಂತಳು. ಅಂಥದ್ದರ ಮುಂದೆ ಕೂತಿರುವುದು ಅವಳಿಗೆ ಸರಿಕಾಣಲಿಲ್ಲ.

ಬೆಳಿಗ್ಗೆ ಕಂಪ್ಯೂಟರ್ ಹೊತ್ತು ನೀರಗಂಟಿಯ ಜಗಲಿಗೆ ಹೋದಳು. ಅವನು ಒಂದೊಂದರ ಮೇಲೂ ಬೆರಳಿಟ್ಟು ಹೆಸರು ಹೇಳಿದ. ಬಯಲಿಗೆ ಬಂದಾಗ, "ಇದು ಬೆಳ್ಳಕ್ಕಿ ಕೆರೆ. ಇದು ತುಂಬಿದ್ದನ್ನು ನಾನು ನೋಡಿಲ್ಲ, ನಮ್ಮಜ್ಜನೂ ನೋಡಿರಲಿಲ್ಲ" ಎಂದ.

"ಇದನ್ನೆಲ್ಲ ಹೇಗೆ ಕಟ್ಟಿದರು ಅಜ್ಜ?"

"ಮಳೆ ಬಂದಾಗ ನೀರಿನ ಹಿಂದೆ ನಡೆದರು. ಇನ್ನೇನು ಮಾಡ್ತಾರೆ?"

ನಲವತ್ತು ಮನೆಗಳು ದಿಬ್ಬದ ಮೇಲೆ ಎದ್ದವು.

ಕೊಟ್ರಬಸಪ್ಪ ಅಲ್ಲಿಗೆ ನಿಲ್ಲಿಸಿದರು. ಇಂದುಧರ, "ಹಾಗಾದರೆ ತಗ್ಗು ತುಂಬುವ ಸಾಲನ್ನೇ ಅಳಿಸಿಬಿಡಬೇಕೆ?" ಎಂದು ಕೇಳಿದ.

"ಏಕೆ ಅಳಿಸುತ್ತೀ? ಸುಳ್ಳು ತಗ್ಗುಗಳೂ ಇವೆಯಲ್ಲ. ಅವಳ ಸಲಕರಣೆ ಈಗ ತಗ್ಗನ್ನು ತುಂಬುವ ಮೊದಲು ನಿಂತು, ಊರವರು ಇದನ್ನು ಏನೆಂದು ಕರೆಯುತ್ತಾರೆ ಎಂದು ಕೇಳುತ್ತದೆ. ನಿನ್ನದು ಯಾರನ್ನು ಕೇಳುತ್ತದೆ?"

ಇಂದುಧರ ತಾನು ಬರೆದದ್ದನ್ನು ತೆರೆದು ಮೊದಲ ಸಾಲಿನಿಂದ ಓದತೊಡಗಿದ.