ಮೂರನೆಯ ಅಧ್ಯಾಯದಲ್ಲಿ ಸಿಕ್ಕಿಕೊಂಡ ಹಸು

"ನನ್ನ ಶಿಷ್ಯರಿಗೆ ಗೊತ್ತಿಲ್ಲದ ಕಾನೂನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಪ್ರಭು!" ಎಂದು ತ್ರಿವಿಕ್ರಮ ಶಾಸ್ತ್ರಿಗಳು ತುಂಬಿದ ಸಭೆಯಲ್ಲಿ ಶಾಲು ಕೊಡವಿದರು.

ಶಾಸ್ತ್ರಿಗಳು ಹೊನ್ನಗುಡ್ಡ ರಾಜ್ಯದ ನ್ಯಾಯಶಾಲೆಯ ಗುರುಗಳು. ಓದು ಮುಗಿಸಿದ ಶಿಷ್ಯರನ್ನೆಲ್ಲ ಊರೂರಿಗೆ ನ್ಯಾಯಾಧಿಕಾರಿಗಳಾಗಿ ಕಳಿಸಬೇಕೆಂದು ಕೇಳಲು ಬಂದಿದ್ದರು.

ರಾಜ ಮಲ್ಲಭೂಪಾಲ ಪಕ್ಕಕ್ಕೆ ತಿರುಗಿದ. ಅಲ್ಲಿ ಅವನ ಮೆಚ್ಚಿನ ಸಭಾಸದ ಬೊಮ್ಮರಸ ಮೀಸೆಯೊಳಗೇ ನಗುತ್ತಿದ್ದ.

"ಏನಯ್ಯಾ, ಯಾಕೆ ನಗು?"

"ಪ್ರಭು, ಕಂಬಳಿ ನೇಯುವ ದ್ಯಾವಮ್ಮಜ್ಜಿ ಎಷ್ಟೋ ದಿನದಿಂದ ಸಭೆಯ ಬಾಗಿಲಲ್ಲೇ ಕೂತಿದ್ದಾಳೆ. ಕೋಟೆಯ ದಳವಾಯಿ ಅವಳ ಅಂಗಳದಲ್ಲಿ ಕುದುರೆ ಕಟ್ಟಿದ್ದಾನಂತೆ. ಒಳಗೆ ಬಂದರೆ ಅವಳಿಗೆ ಮಾತಿಗಿಂತ ಮೊದಲು ಅಳು ಬರುತ್ತದೆ. ಶಾಲೆಯ ಹುಡುಗರು ಒಂದು ವರ್ಷ ಇಂಥ ಬಡವರ ಪಕ್ಕ ಕೂತು, ಕಷ್ಟ ಕೇಳಿ, ಪುಕ್ಕಟೆ ವಾದಿಸಲಿ. ಅವಳಿಗೂ ನ್ಯಾಯ ಸಿಗುತ್ತದೆ, ಇವರಿಗೂ ಕೆಲಸ ಬರುತ್ತದೆ."

ಶಾಸ್ತ್ರಿಗಳಿಗೆ ಮೈಯೆಲ್ಲ ಉರಿಯಿತು. "ಕಂಬಳಿಯವಳ ಪಕ್ಕ ಕೂತು ಕಲಿಯುವುದೇನಿದೆ? ಕಾನೂನು ಇರುವುದು ಗ್ರಂಥದಲ್ಲಿ! ನನ್ನ ಕಂಠದಲ್ಲಿ ಉಸಿರಿರುವ ತನಕ ಇದಕ್ಕೆ ಒಪ್ಪುವುದಿಲ್ಲ."

ರಾಜನಿಗೆ ತಮಾಷೆ ಬೇಕಿತ್ತು. "ಬೊಮ್ಮರಸ, ನಿನ್ನ ಮಾತನ್ನು ನಾಳೆಯೊಳಗೆ ಶಾಸ್ತ್ರಿಗಳ ಬಾಯಿಂದಲೇ ಹೇಳಿಸು. ಆಗದಿದ್ದರೆ ನಿನ್ನ ಜಾಗ ಅವರಿಗೆ ಬಿಟ್ಟುಕೊಡು."

"ಆಗಲಿ ಪ್ರಭು," ಎಂದವನೇ ಬೊಮ್ಮರಸ ಹೊರಟುಹೋದ.

ಮರುದಿನ ಸಭೆ ಸೇರುವಷ್ಟರಲ್ಲಿ ಶಾಸ್ತ್ರಿಗಳು ಏದುಸಿರು ಬಿಡುತ್ತ ಬಂದರು. "ಪ್ರಭು, ಅನ್ಯಾಯ! ನನ್ನ ಕಪಿಲೆ ಕಳುವಾಗಿದ್ದಾಳೆ. ಈ ಬೊಮ್ಮರಸನ ಹಿತ್ತಲಲ್ಲಿ ಆರಾಮಾಗಿ ಹುಲ್ಲು ಮೇಯುತ್ತಿದ್ದಾಳೆ!"

"ನಿಮ್ಮ ಪರವಾಗಿ ಯಾರು ವಾದಿಸುತ್ತಾರೆ?" ಎಂದ ರಾಜ.

"ನನ್ನ ಶ್ರೇಷ್ಠ ಶಿಷ್ಯ ಶ್ರೀಕಂಠ. ಬಾರಯ್ಯಾ!"

ಶ್ರೀಕಂಠ ಎದ್ದುನಿಂತು, ಕಣ್ಣು ಮುಚ್ಚಿ ಶುರುಮಾಡಿದ. "ಪ್ರಥಮಾಧ್ಯಾಯ. ಸ್ವತ್ತು ಎಂದರೇನು?" ಸ್ವತ್ತಿನ ಬಗೆಗಳೆಲ್ಲ ಬಂದವು. ಎರಡನೆಯ ಅಧ್ಯಾಯದಲ್ಲಿ ಚರ, ಸ್ಥಿರ ಎಂಬ ಭೇದ ಬಂತು. ಮೂರನೆಯದರಲ್ಲಿ, ಹಸು ನಡೆಯುವಾಗ ಚರಸ್ವತ್ತು ಸರಿ, ಮಲಗಿ ಮೆಲುಕು ಹಾಕುವಾಗ ಯಾವುದು ಎಂಬ ಜಿಜ್ಞಾಸೆ ಎದ್ದಿತು. ಮಂತ್ರಿ ತೂಕಡಿಸಿದ. ರಾಜ ಆಕಳಿಸಿದ.

ಬೊಮ್ಮರಸ ಎದ್ದು ಕೈಮುಗಿದ. "ಪ್ರಭು, ಈ ಹಸು ಶಾಸ್ತ್ರಿಗಳದೇ. ನಿನ್ನೆ ಸಂಜೆ ಅವರ ಕೊಟ್ಟಿಗೆಯಿಂದ ನಾನೇ ಬಿಚ್ಚಿಕೊಂಡು ಬಂದೆ."

ಶ್ರೀಕಂಠ ಸಿಡುಕಿದ. "ಸ್ವಾಮಿ, ದಯವಿಟ್ಟು ಮಧ್ಯೆ ಬಾಯಿ ಹಾಕಬೇಡಿ. ನಾನಿನ್ನೂ ಮೂರನೆಯ ಅಧ್ಯಾಯದಲ್ಲಿದ್ದೇನೆ."

"ಕದ್ದದ್ದು ನಾನೇ ಕಣಪ್ಪಾ."

"ಕಳ್ಳರ ವಿಚಾರ ಏಳನೆಯದರಲ್ಲಿ ಬರುತ್ತದೆ. ಸ್ವಲ್ಪ ತಾಳ್ಮೆ ಇರಲಿ!"

ಶಾಸ್ತ್ರಿಗಳು ಹಣೆ ಚಚ್ಚಿಕೊಂಡರು. "ಅಯ್ಯೋ ಮಂಕೇ! ಅವನು ಒಪ್ಪಿಕೊಂಡಾಯಿತು! ಹಸು ಕೊಡಿಸಿ ಅಂತ ಕೇಳಿ ಕೂತುಕೋ!"

"ಕಳ್ಳ ತಾನಾಗಿ ಒಪ್ಪಿಕೊಂಡರೆ ಏನು ಮಾಡಬೇಕೆಂದು ತಾವು ಪಾಠ ಮಾಡಿಲ್ಲವಲ್ಲ ಗುರುಗಳೇ?"

"ಅದನ್ನು ಗ್ರಂಥ ನೋಡಿ ಪಾಠ ಮಾಡಲಾಗುತ್ತದೇನೋ? ನಾಲ್ಕು ಜನರ ಪಕ್ಕ ಕೂತು, ಅವರ ಕಷ್ಟ ಕೇಳಿ, ವ್ಯಾಜ್ಯ ನಡೆಸಿದರೆ ತಾನೇ ಬರುತ್ತದೆ!"

ಶಾಸ್ತ್ರಿಗಳು ತಾವೇ ಆಡಿದ ಮಾತು ಕೇಳಿ ಬಾಯಿ ಮುಚ್ಚಿಕೊಂಡರು.

"ನನ್ನ ವಾದ ಮುಗಿಯಿತು ಪ್ರಭು," ಎಂದ ಬೊಮ್ಮರಸ. "ಶಾಸ್ತ್ರಿಗಳು ನನಗಿಂತ ಚೆನ್ನಾಗಿ ಹೇಳಿದರು."

ರಾಜ ಹೊಟ್ಟೆ ಹಿಡಿದು ನಕ್ಕ. ಕಪಿಲೆ ಮನೆಗೆ ಹೋದಳು. ಶಾಲೆಯ ಹುಡುಗರು ಸಭೆಯ ಬಾಗಿಲಿಗೆ ಬಂದರು. ಅವರು ತಪ್ಪಿದರೆ ಬಡವರು ಕೆಡಬಾರದಲ್ಲ, ಅದಕ್ಕೆ ಶಾಸ್ತ್ರಿಗಳೂ ಜೊತೆಯಲ್ಲೇ ಕೂರಬೇಕೆಂದು ಅಪ್ಪಣೆಯಾಯಿತು.

ಶ್ರೀಕಂಠನ ಪಾಲಿಗೆ ದ್ಯಾವಮ್ಮಜ್ಜಿ ಬಂದಳು. "ಪ್ರಥಮಾಧ್ಯಾಯ..." ಎಂದು ಅವನು ಬಾಯಿ ತೆರೆದ. ಅಜ್ಜಿ ಹೆದರಿ ಅಳತೊಡಗಿದಳು. ಅವನಿಗೆ ನಾಚಿಕೆಯಾಯಿತು. ನೀರು ತಂದುಕೊಟ್ಟು ನೆಲದ ಮೇಲೆ ಅವಳೆದುರು ಕೂತ.

"ಅಜ್ಜೀ, ಅವಸರವಿಲ್ಲ. ಏನಾಯಿತು ಹೇಳು."

"ನನ್ನ ಮಾತು ಕೇಳೋಕೆ ಯಾರೂ ಕೂತಿರಲಿಲ್ಲ ಬುದ್ಧೀ," ಎಂದು ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎಲ್ಲ ಹೇಳಿದಳು. ಶ್ರೀಕಂಠ ಅವಳ ಜೊತೆ ಹೋಗಿ, ಲದ್ದಿ ತುಳಿದುಕೊಂಡೇ ಅಂಗಳವೆಲ್ಲ ನೋಡಿ ಬಂದ.

ವಿಚಾರಣೆಯ ದಿನ ದಳವಾಯಿ ಎದೆಯುಬ್ಬಿಸಿ ಹೇಳಿದ. "ಅದು ನಮ್ಮ ತಾತನ ಕಾಲದಿಂದ ಕುದುರೆ ಲಾಯ. ಅಲ್ಲಿ ಬೇರೇನೂ ಇರಲೇ ಇಲ್ಲ."

ಶ್ರೀಕಂಠ ಈ ಸಲ ಕಣ್ಣು ಮುಚ್ಚಲಿಲ್ಲ. "ದಳವಾಯಿಗಳೇ, ಲಾಯದ ನಡುವೆ ಹಳೆಯ ಮಗ್ಗದ ಗೂಟಗಳು ನೆಟ್ಟಗೆ ನಿಂತಿವೆ. ನಿಮ್ಮ ತಾತನ ಕುದುರೆಗಳು ಕಂಬಳಿ ನೇಯುತ್ತಿದ್ದವೇ?"

ಸಭೆ ಗೊಳ್ಳೆಂದಿತು. ಅಂಗಳ ಅಜ್ಜಿಯದೇ ಎಂದು ರಾಜ ತೀರ್ಪು ಕೊಟ್ಟ. ಸಂಜೆಯೊಳಗೆ ಕುದುರೆಗಳು ಅಂಗಳ ಬಿಟ್ಟವು.

ಎಲ್ಲರಿಗಿಂತ ಮೊದಲು ಎದ್ದವರು ಶಾಸ್ತ್ರಿಗಳು. ಶಾಲು ಕೊಡವಿ, "ನೋಡಿದಿರಾ ಪ್ರಭು? ಜನರ ನಡುವೆ ಕೂರಿಸಿ ಕಲಿಸುವುದು ಮೊದಲಿನಿಂದಲೂ ನನ್ನ ಪದ್ಧತಿ!" ಎಂದರು.

ರಾಜ ಹುಬ್ಬೇರಿಸಿದ. "ಏನು ಬೊಮ್ಮರಸ, ಇದು ನಿಜವೇ?"

"ಹೌದು ಪ್ರಭು," ಎಂದ ಬೊಮ್ಮರಸ ವಿನಯದಿಂದ. "ವಿದ್ಯೆಯೆಲ್ಲ ಅವರದೇ. ನಾನು ಮಾಡಿದ್ದು ಬರೀ ಕಳ್ಳತನ."