ಬೆಂಕಿಗೆ ಎರಡು ಮರೆ

ಹೊಳೆದಂಡೆಯ ಬಂಡೆಗಳ ನಡುವೆ ಒಂದು ಗುಡಿಸಲು. ಅಲ್ಲಿ ಹಂಪಯ್ಯ ತಾತ ಅಂತ ಒಬ್ಬ ಗುರು ಇದ್ದ. ಮೊದಲು ಮಡಕೆ ಮಾಡುತ್ತಿದ್ದವನು, ಗುರುವಾದ ಮೇಲೂ ಕೈಗೆ ಮಣ್ಣು ಮೆತ್ತಿಕೊಳ್ಳೋದನ್ನು ಬಿಟ್ಟಿರಲಿಲ್ಲ. ಬಾಯಿ ಮಾತ್ರ ಸ್ವಲ್ಪ ಜೋರು.

ಅವನ ಒಲೆ ಬೇರೆಯವರ ಒಲೆಯ ಹಾಗಿರಲಿಲ್ಲ. ಗುಡಾಣದಷ್ಟು ದೊಡ್ಡ ಮಣ್ಣಿನ ಪಾತ್ರೆ, ತಳದಲ್ಲಿ ಕೆಂಡ, ಪಕ್ಕಕ್ಕೆ ಗಾಳಿಗೊಂದು ಕಂಡಿ, ಮೇಲೆ ತೂತಿರುವ ಭಾರದ ಮುಚ್ಚಳ. ಕೆಂಡಕ್ಕೂ ಬೇಯುವ ಪದಾರ್ಥಕ್ಕೂ ನಡುವೆ ಮೂರು ಕಾಲಿನ ಒಂದು ಮಣ್ಣಿನ ಬಿಲ್ಲೆ. ತಾತ ಅದನ್ನು ಮರೆಬಿಲ್ಲೆ ಅನ್ನುತ್ತಿದ್ದ. ಬೆಂಕಿ ನೇರವಾಗಿ ತಾಗದೆ, ಬಿಸಿ ಮಾತ್ರ ಸುತ್ತಿಕೊಂಡು ಬಂದು ಬೇಯಿಸುತ್ತಿತ್ತು.

ಆ ಒಲೆಯ ಸುದ್ದಿ ಕೇಳಿಯೇ ವೆಂಕೋಬ ಬಂದದ್ದು. ವಯಸ್ಸು ಮೂವತ್ತು, ನೋಡಿದರೆ ಐವತ್ತು.

"ತಾತ, ಇದರಲ್ಲಿ ಬೇಯಿಸಿದ್ದಕ್ಕೆ ಬೆಂಕಿ ತಾಗೋದೇ ಇಲ್ಲವಂತೆ, ಹೌದಾ?"

"ಹಲ್ಲಿಲ್ಲ ಕಣೋ ನನಗೆ. ಮೆತ್ತಗೆ ಬೇಯಲಿ ಅಂತ ಮಾಡ್ಕೊಂಡಿದ್ದು. ನಿನಗೇನಪ್ಪ ಕಷ್ಟ?"

ವೆಂಕೋಬ ಹೇಳಿದ. ಹನ್ನೊಂದು ತಿಂಗಳ ಹಿಂದೆ ಹಸಿದು ಮನೆಗೆ ಬಂದಿದ್ದ. ಎಲೆ ಹಾಕಿಕೊಂಡು ಕೂತು, ಬೇಗ ಬೇಗ ಅಂತ ಅವ್ವನ ಮೇಲೆ ಕೂಗಾಡಿದ್ದ. ಅವಸರಕ್ಕೆ ಅವಳ ಸೆರಗು ಒಲೆಗೆ ತಾಗಿತು. ಅಷ್ಟೇ.

ಅವತ್ತಿನಿಂದ ಅವನು ಬೇಯಿಸಿದ್ದು ಯಾವುದನ್ನೂ ಬಾಯಿಗೆ ಇಟ್ಟಿರಲಿಲ್ಲ. ಬಾಳೆಹಣ್ಣು, ನೆನೆಸಿದ ಹೆಸರುಕಾಳು, ಹಸಿ ಶೇಂಗಾ. ಅಯ್ಯೋ ಪಾಪ, ಆ ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ.

"ತಿಂಗಳು ತಿಂಗಳೂ ಎಡೆ ಇಟ್ಟೆ ತಾತ. ಒಂದು ಕಾಗೆಯೂ ಮುಟ್ಟಲಿಲ್ಲ. ಬೆಂಕೀಲಿ ಹೋದವರು ಬೆಂಕಿ ಕಂಡ ಅನ್ನ ಮುಟ್ಟೋದಿಲ್ಲ ಅಂತ ಸ್ಮಶಾನದ ಹತ್ತಿರ ಒಬ್ಬರು ಹೇಳಿದರು."

"ಹೇಳಿದವನು ಸತ್ತು ನೋಡಿ ಬಂದಿದ್ದನಾ?"

ವೆಂಕೋಬ ನಗಲಿಲ್ಲ. "ವರ್ಷ ತುಂಬೋಕೆ ಇನ್ನು ಒಂದು ತಿಂಗಳು. ಅಷ್ಟರಲ್ಲಿ ಅವ್ವ ನನ್ನ ಕೈಯಿಂದ ಒಂದು ತುತ್ತಾದರೂ ತಿನ್ನಬೇಕು. ಇಲ್ಲದಿದ್ದರೆ ನಾನೂ ಉಣ್ಣೋದಿಲ್ಲ, ಯಾವತ್ತಿಗೂ."

ತಾತ ಒಂದು ಉಂಡೆ ಹಸಿಮಣ್ಣು ಅವನ ಕಾಲ ಬಳಿ ಎಸೆದ.

"ಒಲೆ ಅಲ್ಲಿದೆ. ಮಣ್ಣು ಇಲ್ಲಿದೆ. ನಾನು ಮಲಗ್ತೀನಿ."

ಮೊದಲ ದಿನ ವೆಂಕೋಬ ಎರಡು ಗೆಣಸು ಬೇಯಿಸಿದ. ಅವ್ವನಿಗೆ ಗೆಣಸು ಅಂದರೆ ಪ್ರಾಣ. ತೆಗೆದು ನೋಡಿದರೆ, ಬಿಲ್ಲೆಯ ಅಂಚಿನಿಂದ ನುಸುಳಿದ ಉರಿ ಒಂದು ಪಕ್ಕ ಕರಿ ಮಾಡಿತ್ತು. ಆದದ್ದಾಗಲಿ ಅಂತ ಎಲೆಯ ಮೇಲೆ ಇಟ್ಟ.

ಮಟಮಟ ಮಧ್ಯಾಹ್ನ. ಒಂದು ಹಕ್ಕಿ ಇಲ್ಲ, ಗಾಳಿ ಇಲ್ಲ. ಹೊಳೆಯೂ ಹರಿಯೋದನ್ನು ನಿಲ್ಲಿಸಿದ ಹಾಗಿತ್ತು.

ನೀರಿನ ಅಂಚಿನ ಬಂಡೆಯ ಮೇಲೆ ಒಂದು ಒದ್ದೆ ಹೆಜ್ಜೆ ಮೂಡಿತು. ಅದರ ಮುಂದೆ ಇನ್ನೊಂದು. ಎಡಗಾಲಿನದು ಸ್ವಲ್ಪ ಎಳೆದ ಹಾಗೆ ಇತ್ತು. ವೆಂಕೋಬನ ಅವ್ವನಿಗೆ ಎಡಗಾಲು ಕುಂಟು.

ಕಾದ ಬಂಡೆ. ನೋಡುತ್ತಿದ್ದಂತೆಯೇ ಎರಡೂ ಆರಿಹೋದವು.

"ತಾತ! ನೋಡಿದ್ರಾ?"

"ನೋಡಿದೆ."

"ಅವ್ವನೇ ತಾತ. ಯಾಕೆ ಅಲ್ಲೇ ನಿಂತಳು?"

"ನನ್ನ ಯಾಕೋ ಕೇಳ್ತೀಯ? ಅವಳನ್ನ ಕೇಳು."

ವೆಂಕೋಬ ಯಾರನ್ನೂ ಕೇಳಲಿಲ್ಲ. ಗೆಣಸಿನ ಮೇಲಿನ ಕರಿಯನ್ನು ನೋಡಿದ, ಅದೇ ಉತ್ತರ ಅಂದುಕೊಂಡ.

ಬಿಲ್ಲೆಯನ್ನು ಅಗಲ ಮಾಡಲು ಹೊರಟ. ಮಣ್ಣು ಜರಡಿ ಹಿಡಿದ, ಬಿರಿಯದಿರಲಿ ಅಂತ ಭತ್ತದ ಹೊಟ್ಟು ಕಲಸಿದ, ನೆರಳಲ್ಲಿ ಒಣಗಿಸಿದ, ಸುಟ್ಟ. ಒಲೆಯ ಗೋಡೆಗೆ ತಾಗುವಷ್ಟು ಅಗಲ. ಉರಿ ಮೇಲೆ ಬರಲಿಲ್ಲ ನಿಜ, ಆದರೆ ಉಸಿರಾಡಲಾಗದೆ ಕೆಂಡವೇ ಸತ್ತಿತು. ಗೆಣಸು ಹಸಿಹಸಿ. ಅವತ್ತು ಹೆಜ್ಜೆಯೂ ಇಲ್ಲ.

ಅಂಚಿನಲ್ಲಿ ಮೂರು ಕಡೆ ಕಚ್ಚು ಕತ್ತರಿಸಿದ, ಗಾಳಿ ಆಡಲಿ ಅಂತ. ಗೆಣಸು ಬೆಂದಿತು. ಆದರೆ ಅದರ ಮೈಮೇಲೆ ಮೂರು ಕರಿ ಗೆರೆ, ಯಾರೋ ಮೂರು ಬೆರಳಲ್ಲಿ ಹಿಡಿದು ಬಿಟ್ಟ ಹಾಗೆ.

ಆ ದಿನ ಒದ್ದೆ ಹೆಜ್ಜೆ ನೀರಿನಿಂದ ಹತ್ತು ಮಾರು ಮೇಲೆ ಬಂತು. ಬಂದು ನಿಂತಿತು.

ಮುಚ್ಚಳದ ತೂತಿನಿಂದ ಒಂದು ಕೆಮ್ಮು ಕೇಳಿಸಿತು. ಒಲೆ ಊದಿ ಊದಿ ಹೊಗೆ ಕುಡಿದವರ ಕೆಮ್ಮು.

ವೆಂಕೋಬ ಒಲೆಯಿಂದ ಹಿಂದೆ ಸರಿದ. ತಾತ ಎಲೆಅಡಿಕೆ ಜಗಿಯುತ್ತಾ ಕೂತಿದ್ದ.

"ಇನ್ನೊಂದು ಬಿಲ್ಲೆ ಮಾಡ್ತೀನಿ ತಾತ. ಒಂದರ ಮೇಲೊಂದು. ನಡುವೆ ಒಂದು ಬೆರಳು ಸಂದು. ಕೆಳಗಿನ ಕಚ್ಚಿಗೆ ಎದುರಾಗಿ ಮೇಲಿನದರ ಕಚ್ಚು ಬರಬಾರದು. ಆಗ ಉರಿಗೆ ದಾರಿ ಸಿಗೋದಿಲ್ಲ, ಬಿಸಿ ಮಾತ್ರ ಬಳಸಿಕೊಂಡು ಬರುತ್ತೆ."

"ಭೇಷ್. ಕುಂಬಾರನ ಹೊಟ್ಟೇಲಿ ಹುಟ್ಟಬೇಕಿತ್ತು ನೀನು." ತಾತ ಉಗುಳಿ ಬಂದು ಕೂತ. "ಬೆಂಕೀನ ಯಾರಿಂದ ಮರೆ ಮಾಡ್ತಿದ್ದೀಯೋ?"

"ಅವ್ವನಿಂದ. ಅವಳಿಗೆ ಭಯ ಆಗಬಾರದು."

"ಅವಳು ಅದನ್ನ ದಾಟಿ ಹೋದವಳು. ಇನ್ನು ಎಂಥ ಭಯ?"

ವೆಂಕೋಬನಿಗೆ ಸಿಟ್ಟು ಬಂತು. "ನಿಮಗೇನು ಗೊತ್ತು ತಾತ? ಅವಳು ಕೂಗಿದ್ದನ್ನ ಕೇಳಿಸಿಕೊಂಡವನು ನಾನು."

ತಾತ ಎದ್ದು ಹೋಗಿ ಹೊಟ್ಟಿನ ಚೀಲ ತಂದು ಅವನ ಪಕ್ಕ ಇಟ್ಟ.

ಎರಡನೇ ಬಿಲ್ಲೆ ಒಣಗಿಸಿ ಸುಡುವಷ್ಟರಲ್ಲಿ ವರ್ಷ ತುಂಬುವ ದಿನವೇ ಬಂದುಬಿಟ್ಟಿತು. ವೆಂಕೋಬ ಹೊಳೆಯಲ್ಲಿ ಮುಳುಗಿ ಎದ್ದ. ಎರಡೂ ಬಿಲ್ಲೆ ಜೋಡಿಸಿದ, ಗೆಣಸು ಇಟ್ಟ, ಮುಚ್ಚಳ ಮುಚ್ಚಿದ. ಆ ಭಾರವನ್ನು ಎರಡು ಸಲ ಕೆಳಗಿಟ್ಟು ಎತ್ತಬೇಕಾಯಿತು, ಅಷ್ಟು ನಿತ್ರಾಣ.

ಬಾಳೆಎಲೆ ಹಾಸಿದ. ಹೊಳೆಗೆ ಬೆನ್ನು ಮಾಡಿ ಅವ್ವ ಕೂರುತ್ತಾಳೆ ಅಂತ ಲೆಕ್ಕ ಹಾಕಿ, ಉಣ್ಣುವವರಿಗೆ ಹಾಕುವ ಹಾಗೆ ಎಲೆಯ ಕುಡಿ ಅವಳ ಎಡಕ್ಕೆ ಬರುವಂತೆ ಹಾಸಿದ. ತಾನು ಈಚೆ ಪಕ್ಕ, ಬಡಿಸುವವನ ಜಾಗದಲ್ಲಿ ನಿಂತ.

ಸೂರ್ಯ ನೆತ್ತಿಗೆ ಬಂದ. ತನ್ನ ನೆರಳು ಕಾಲಡಿಗೆ ಸೇರಿದ್ದನ್ನು ವೆಂಕೋಬ ನೋಡಿದ.

ಹೆಜ್ಜೆ ಮೂಡಿದವು. ಒಂದು, ಎರಡು, ಹತ್ತು. ಈ ಸಲ ನಿಲ್ಲಲಿಲ್ಲ. ಎಡಗಾಲು ಎಳೆಯುತ್ತಾ ನೇರ ಎಲೆಯ ಹತ್ತಿರ ಬಂದವು.

"ಬಾರವ್ವ," ಅಂದ ವೆಂಕೋಬ. "ಕೂತ್ಕೋ."

ಹೆಜ್ಜೆ ಎಲೆಯನ್ನು ಬಳಸಿಕೊಂಡು, ಅವನ ಪಕ್ಕದಲ್ಲೇ ಹಾದು, ಒಲೆಯ ಕಡೆ ಹೋದವು. ಹಾದಾಗ ಸೌದೆ ಹೊಗೆಯ ವಾಸನೆ ಬಂತು, ಸುಟ್ಟ ಹತ್ತಿಬಟ್ಟೆಯ ವಾಸನೆ ಬಂತು.

ವೆಂಕೋಬ ಕಣ್ಣು ಮುಚ್ಚಿದ. ಹಿಂದೆ ಮುಚ್ಚಳ ಸರಿಯುವ ಸದ್ದು. ಬಿಲ್ಲೆಗೆ ಬಿಲ್ಲೆ ತಗುಲುವ ಸದ್ದು. ಬಳೆ ಸದ್ದು. ಅವನು ಬಾಯೊಳಗೇ ಅವ್ವಾ ಅವ್ವಾ ಅನ್ನುತ್ತಿದ್ದ, ತಿರುಗಿ ನೋಡುವ ಧೈರ್ಯ ಸಾಲಲಿಲ್ಲ.

ಸದ್ದು ನಿಂತ ಮೇಲೆ ಕಣ್ಣು ಬಿಟ್ಟ.

ಒಲೆಯ ಬಾಯಿ ತೆರೆದಿತ್ತು, ಕೆಂಡ ನಿಗಿನಿಗಿ ಕಾಣುತ್ತಿತ್ತು. ಎರಡೂ ಮರೆಬಿಲ್ಲೆ ಹೊರಗೆ ಬಂದು, ತೊಳೆದ ತಟ್ಟೆಗಳ ಹಾಗೆ ಒಂದಕ್ಕೊಂದು ಒರಗಿದ್ದವು.

ಎಲೆಯ ಮೇಲೆ ಗೆಣಸು ಇತ್ತು. ಸಿಪ್ಪೆ ಸುಲಿದಿತ್ತು, ಹಬೆಯಾಡುತ್ತಿತ್ತು.

"ತಾತ," ವೆಂಕೋಬ ಅಳುತ್ತಾ ಕೂಗಿದ, "ಅವ್ವ ತಿನ್ನಲಿಲ್ಲ. ಇವತ್ತೂ ತಿನ್ನಲಿಲ್ಲ. ಬೆಂಕಿ ಕಂಡುಬಿಟ್ಟಳು ತಾತ!"

ತಾತ ಬಂದು ಎಲೆಯನ್ನು ನೋಡಿದ. "ಕುಡಿ ಯಾವ ಕಡೆಗಿದೆ?"

ವೆಂಕೋಬ ನೋಡಿದ. ಎಲೆ ತಿರುಗಿತ್ತು. ಕುಡಿ ಈಗ ಅವನ ಎಡಕ್ಕಿತ್ತು.

"ಅವತ್ತು ಬೇಗ ಬೇಗ ಅಂದೆಯಲ್ಲ," ತಾತ ಕೇಳಿದ, "ಕೊನೆಗೆ ನಿನ್ನ ಎಲೆಗೆ ಏನು ಬಿತ್ತು?"

"ಏನೂ ಇಲ್ಲ ತಾತ. ಬಡಿಸೋದಕ್ಕೆ ಮೊದಲೇ..."

ಎಲೆಯ ಆಚೆ ಬದಿಯಲ್ಲಿ, ಕಾದ ಬಂಡೆಯ ಮೇಲೆ, ಎರಡು ಒದ್ದೆ ಪಾದ. ಬೆರಳುಗಳು ವೆಂಕೋಬನ ಕಡೆಗೆ ಮುಖ ಮಾಡಿದ್ದವು. ಅವು ಆರಲೇ ಇಲ್ಲ.

ತಾತ ಆ ಪಾದಗಳ ಮೇಲಿನ ಖಾಲಿ ಜಾಗಕ್ಕೆ ಕೈ ಮುಗಿದು, ವೆಂಕೋಬನ ಹೆಗಲು ಅಮುಕಿದ.

"ಬಡಿಸಿದವಳನ್ನ ಇನ್ನೂ ಎಷ್ಟು ಹೊತ್ತು ನಿಲ್ಲಿಸ್ತೀಯೋ? ಕೂತ್ಕೋ, ಉಣ್ಣು."